ಅಕ್ರಾದಲ್ಲಿ ಡೋಲು ಬಾರಿಸದ ತಿಂಗಳು

ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿ ಪ್ರತಿ ವರ್ಷ ಮೇ, ಜೂನ್ ಹೊತ್ತಿಗೆ ಸುಮಾರು ಮೂವತ್ತು ದಿನ ಡೋಲು ಬಾರಿಸುವಂತಿಲ್ಲ. ಈ ಊರಿನ ಮೂಲದವರಾದ ಗಾ ಜನರ ಹಳೆಯ ಕಟ್ಟಳೆ ಅದು. ಅಡಿಯಿಂದ ಮುಡಿವರೆಗೆ ಬಿಳಿ ಬಟ್ಟೆ ಉಟ್ಟ ಅವರ ಪೂಜಾರಿಗಳು, ಅಂದರೆ ವುಲೊಮೊಗಳು, ನೆಲಕ್ಕೆ ಕಾಳು ಬಿತ್ತುತ್ತಾರೆ. ಅದು ಮೊಳೆತು ಮೇಲೇಳುವ ತನಕ ಊರು ಗದ್ದಲ ಮಾಡದೆ ಇರಬೇಕು. ಮೆರವಣಿಗೆಯ ಬ್ಯಾಂಡು, ಬಾರ್‌ಗಳ ಮುಂದಿನ ಸ್ಪೀಕರು, ಸಾವಿನ ಮನೆಯ ವಾದ್ಯ, ಎಲ್ಲವೂ ನಿಲ್ಲುತ್ತವೆ. ಆಮೇಲೆ ಆಗಸ್ಟ್ ಹೊತ್ತಿಗೆ ಹೊಮೊವೊ ಹಬ್ಬ. ಹಿಂದೊಮ್ಮೆ ಬರಗಾಲವನ್ನು ದಾಟಿ ಬಂದ ನೆನಪಿಗೆ ಹಸಿವನ್ನೇ ಅಣಕಿಸುವ ಹಬ್ಬವಿದು. ಹುದುಗು ಬಂದ ಮೆಕ್ಕೆಜೋಳದ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ತಾಳೆ ಎಣ್ಣೆ ಕಲಸಿ ಮಾಡಿದ ಕ್ಪೊಕ್ಪೊಯಿಯನ್ನು ಊರ ಮುಖ್ಯಸ್ಥರು ಮೊದಲು ನೆಲಕ್ಕೆ ಎರಚುತ್ತಾರೆ. ತೀರಿಹೋದ ಹಿರಿಯರ ಪಾಲು ಅದು. ಉಳಿದದ್ದನ್ನು ಮನೆಮಂದಿ ಒಂದೇ ಪಾತ್ರೆಗೆ ಕೈ ಹಾಕಿ ಉಣ್ಣುತ್ತಾರೆ.

ಆದರೆ ಅಕ್ರಾ ಈಗ ಗಾ ಜನರೊಬ್ಬರದೇ ಊರಲ್ಲ, ದೇಶದ ಮೂಲೆ ಮೂಲೆಯವರು ಬಂದು ನೆಲೆಸಿದ ಮಹಾನಗರ. ನಾನಿರುವ ಬಡಾವಣೆಯಲ್ಲಿ ಗಲ್ಲಿಗೊಂದು ಚರ್ಚು, ಕೆಲವು ಗಲ್ಲಿಗಳಲ್ಲಿ ಎರಡು. ಶುಕ್ರವಾರ ರಾತ್ರಿ ಶುರುವಾದ ಪ್ರಾರ್ಥನೆ ಬೆಳಗಿನ ಜಾವದವರೆಗೆ ಸಾಗುತ್ತದೆ, ಡ್ರಮ್ಮು, ಕೀಬೋರ್ಡು, ದೊಡ್ಡ ದೊಡ್ಡ ಸ್ಪೀಕರುಗಳ ಸಮೇತ. 2021ರ ಜನಗಣತಿಯಂತೆ ಘಾನಾದಲ್ಲಿ ಕ್ರೈಸ್ತರು ಶೇ. 71.3, ಮುಸ್ಲಿಮರು ಶೇ. 19.9. ಹಿರಿಯರ ಕಾಲದ ನಂಬಿಕೆಯೇ ನಮ್ಮ ಧರ್ಮ ಎಂದು ಬರೆಸಿದವರು ಶೇ. 3.2 ಮಾತ್ರ. ಅಷ್ಟು ಕಡಿಮೆ ಜನರ ಮಾತಿಗೆ ಉಳಿದವರೆಲ್ಲ ಯಾಕೆ ಡೋಲು ಕೆಳಗಿಡಬೇಕು ಎಂಬ ಪ್ರಶ್ನೆ ಏಳುವುದು ಸಹಜ. 1998ರಲ್ಲಿ ಅದು ಬರೀ ಪ್ರಶ್ನೆಯಾಗಿ ಉಳಿಯಲಿಲ್ಲ. ಕೊರ್ಲೆ ಗೊನ್ನೊ ಎಂಬಲ್ಲಿ ಕಟ್ಟಳೆ ಮುರಿದ ಒಂದು ದೊಡ್ಡ ಚರ್ಚಿಗೆ ಗುಂಪು ನುಗ್ಗಿ ದಾಂಧಲೆ ನಡೆಸಿತು. ಮುಂದಿನ ಕೆಲವು ವರ್ಷ ಇಂಥದ್ದು ಅಲ್ಲಲ್ಲಿ ಮರುಕಳಿಸಿತು. ಕೊನೆಗೆ ಗಾ ಹಿರಿಯರು, ಚರ್ಚುಗಳ ಮುಖ್ಯಸ್ಥರು, ಮುಸ್ಲಿಂ ಮುಖಂಡರು, ನಗರಾಡಳಿತ, ಪೊಲೀಸರು ಕೂತು ಒಂದು ದಾರಿ ಕಂಡುಕೊಂಡರು. ಪೂಜೆ ಪ್ರಾರ್ಥನೆ ಎಂದಿನಂತೆ ನಡೆಯಲಿ, ಆದರೆ ಒಳಗೆ ನಡೆಯಲಿ. ಚರ್ಚು, ಮಸೀದಿ, ಬಾರು ಯಾವುದರ ಸ್ಪೀಕರೂ ಆ ತಿಂಗಳು ಹೊರಗೆ ಇರಬಾರದು. ಉಸ್ತುವಾರಿಗೆ ಗುರುತಿನ ಚೀಟಿ ಇರುವವರು ಮಾತ್ರ ಹೋಗಬೇಕು, ಹುಡುಗರ ಗುಂಪಲ್ಲ. ಈಗಲೂ ಪ್ರತಿ ವರ್ಷ ಪತ್ರಿಕೆಗಳಲ್ಲಿ, ರೇಡಿಯೊದಲ್ಲಿ ಆ ಪ್ರಕಟಣೆ ಬರುತ್ತದೆ.

ಈ ವಿಷಯದಲ್ಲಿ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಚರ್ಚಿಗೆ ನುಗ್ಗಿ ಹೊಡೆದದ್ದು ತಪ್ಪು, ಅದಕ್ಕೆ ಸಮಜಾಯಿಷಿ ಇಲ್ಲ. ಆದರೆ ಒಂದು ತಿಂಗಳು ಸದ್ದು ತಗ್ಗಿಸಿ ಎಂದು ಕೇಳುವ ಹಕ್ಕು ಗಾ ಜನರಿಗಿದೆ. ಆ ಮಾತನ್ನು ಕೇಳುವುದರಿಂದ ಕ್ರೈಸ್ತರ ನಂಬಿಕೆಗೆ ಏನೂ ಕುಂದಿಲ್ಲ. ಆಫ್ರಿಕಾದಲ್ಲಿ ಕ್ರೈಸ್ತರೂ ಮುಸ್ಲಿಮರೂ ಹೇಗೆ ಬಾಳುತ್ತಾರೆ ಎಂದು ಹೊರಗಿನವರು ಬರೆಯುವಾಗ ಇವೆರಡೇ ಪಕ್ಷಗಳಿರುವಂತೆ ಬರೆಯುತ್ತಾರೆ. ಹಲವು ವರ್ಷ ಇಲ್ಲಿದ್ದು ನನಗೆ ಕಾಣುವುದು ಬೇರೆ. ಎರಡೂ ಧರ್ಮದವರು ಒಬ್ಬರನ್ನೊಬ್ಬರು ಸಹಿಸಿಕೊಂಡದ್ದಕ್ಕೆ ಕಾರಣ ಅವರ ಕಾಲ ಕೆಳಗೆ ಇಬ್ಬರದೂ ಆದ ಮೂರನೆಯ ನೆಲವೊಂದು ಇದೆ. ಕುಲ, ನಾಮಕರಣ, ಸಾವು, ಊರ ಹಬ್ಬ, ಹಿರಿಯರಿಗೆ ಎರೆಯುವ ನೀರು, ಇವೆಲ್ಲ ಸೇರಿದ ನೆಲ. ಅದನ್ನು ಸೈತಾನನ ಕೆಲಸ ಎಂದು ಅಗೆಯುತ್ತ ಹೋದರೆ ಶಾಂತಿಯ ಒಪ್ಪಂದಗಳನ್ನು ಎಷ್ಟು ಬರೆದರೂ ನಿಲ್ಲುವುದಕ್ಕೆ ಜಾಗ ಇರುವುದಿಲ್ಲ.

ನಾನು ಮೂಲ್ಕಿ ಕಡೆಯವನು. ಇಲ್ಲಿಗೆ ಬಂದ ಹೊಸತರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಹೆಸರು, ಬಾಸೆಲ್ ಮಿಶನ್. ನಮ್ಮ ಕರಾವಳಿಯಲ್ಲಿ ಅದರ ಹೆಸರು ಕೇಳದವರಿಲ್ಲ. 1834ರಲ್ಲಿ ಮಂಗಳೂರಿಗೆ ಬಂದವರು ಅವರು. ಅದಕ್ಕೂ ಆರು ವರ್ಷ ಮೊದಲು, 1828ರ ಕೊನೆಗೆ, ಅದೇ ಸಂಸ್ಥೆಯ ನಾಲ್ವರು ಇದೇ ಅಕ್ರಾದ ಓಸು ದಂಡೆಗೆ ಬಂದಿಳಿದಿದ್ದರು. ಕೆಲವೇ ವರ್ಷಗಳಲ್ಲಿ ನಾಲ್ವರೂ ತೀರಿಕೊಂಡರು. ಆಮೇಲೆ ಬಂದ ಆಂಡ್ರಿಯಾಸ್ ರೀಸ್ 1835ರಲ್ಲಿ ಬೆಟ್ಟದ ಮೇಲಿನ ಅಕ್ರೊಪೊಂಗ್ ಊರಿಗೆ ಹೋದ. ವರ್ಷಗಟ್ಟಲೆ ದುಡಿದರೂ ಒಬ್ಬನೂ ಕ್ರೈಸ್ತನಾಗಲಿಲ್ಲ. ಬಿಳಿಯರ ಪುಸ್ತಕ ಓದಬಲ್ಲ ಕಪ್ಪು ಜನರನ್ನು ತೋರಿಸು, ಆಗ ನೋಡೋಣ ಎಂದು ಅಲ್ಲಿನ ಅರಸ ಹೇಳಿದನೆಂಬ ಮಾತು ಇಂದಿಗೂ ಆ ಊರಿನಲ್ಲಿದೆ. 1843ರಲ್ಲಿ ಮಿಶನ್ನಿನವರು ಜಮೈಕಾದಿಂದ ಕಪ್ಪು ಕ್ರೈಸ್ತ ಕುಟುಂಬಗಳನ್ನೇ ಹಡಗಿನಲ್ಲಿ ಕರೆತಂದರು. ಅದೇ 1843ರಲ್ಲಿ ಮಂಗಳೂರಿನಲ್ಲಿ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದ. ಇಲ್ಲಿ ಕ್ರಿಸ್ಟಾಲರ್ 1871ರಲ್ಲಿ ಟ್ವಿ ಭಾಷೆಗೆ ಬೈಬಲ್ ತಂದ, 1879ರಲ್ಲಿ ಸಾವಿರಾರು ಟ್ವಿ ಗಾದೆಗಳನ್ನು ಕಲೆಹಾಕಿ ಅಚ್ಚು ಹಾಕಿಸಿದ, 1881ರಲ್ಲಿ ನಿಘಂಟು ಮುಗಿಸಿದ. ಅಲ್ಲಿ ಮ್ಯಾನರ್ 1886ರಲ್ಲಿ ತುಳು ನಿಘಂಟು, ಕಿಟೆಲ್ 1894ರಲ್ಲಿ ಕನ್ನಡ ನಿಘಂಟು ಕೊಟ್ಟರು. ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಖಂಡಗಳಲ್ಲಿ ಒಂದೇ ಕೆಲಸಕ್ಕೆ ಕೂತಂತೆ.

ಆ ವಿದ್ವತ್ತಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಅದೇ ಜನ ಎಳೆದ ಇನ್ನೊಂದು ಗೆರೆಯೂ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಅಕ್ರೊಪೊಂಗ್‌ನಲ್ಲಿ, ಓಸುವಿನಲ್ಲಿ ಕ್ರೈಸ್ತರಾದವರಿಗೆ ಊರಿನಿಂದ ಬೇರೆಯಾಗಿ 'ಸೇಲಂ' ಎಂಬ ಕೇರಿ ಕಟ್ಟಿದರು. ಕಲ್ಲಿನ ಮನೆಗಳು, ಮಾವಿನ ಮರದ ಸಾಲು, ಶಾಲೆ, ಗಂಟೆ. ಸೇಲಂನ ಕ್ರೈಸ್ತ ಊರ ಹಬ್ಬಕ್ಕೆ ಹೋಗಬಾರದು, ಡೋಲಿಗೆ ಕುಣಿಯಬಾರದು, ಹಿರಿಯರಿಗೆ ಎರೆಯಬಾರದು. ಮಂಗಳೂರಿನಲ್ಲಿ ಕ್ರೈಸ್ತರಾದವರನ್ನು ಜಾತಿಯವರೇ ಹೊರಗೆ ಹಾಕಿದರು, ಹಾಗಾಗಿ ಮಿಶನ್ ಅವರಿಗೆ ನೇಯ್ಗೆ ಶಾಲೆ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಕಟ್ಟಿಕೊಡಬೇಕಾಯಿತು. ಘಾನಾದಲ್ಲಿ ಹೊರಹಾಕುವ ಕೆಲಸವನ್ನು ಬಹುಮಟ್ಟಿಗೆ ಮಿಶನ್ನೇ ಮಾಡಿತು. ನಮ್ಮ ಭೂತಗಳ ಪಾಡ್ದನಗಳನ್ನು ಬಾಸೆಲ್ ಮಿಶನ್ನಿನ ಮ್ಯಾನರ್ ಬರೆದಿಟ್ಟುಕೊಂಡ. ಬರ್ನೆಲ್ ಸಾಹೇಬನ ಹೆಸರಿನಲ್ಲಿ ಅವು ಹೊರಗಿನ ಲೋಕಕ್ಕೆ ತಲುಪಿದಾಗ ಮೇಲಿದ್ದ ಶೀರ್ಷಿಕೆ 'ತುಳುವರ ದೆವ್ವಾರಾಧನೆ' ಎಂಬ ಅರ್ಥದ್ದು. ಇಲ್ಲಿಯ ಹಿರಿಯರ ಪೂಜೆಗೂ ಅದೇ ಪಟ್ಟಿ ಅಂಟಿಸಿದ್ದರು. ಇಂದು ಅಕ್ರಾದ ಟಿವಿಯಲ್ಲಿ ಪಾದ್ರಿಗಳು ಊರ ದೇವತೆಗಳನ್ನು ಬೈಯುವ ಮಾತುಗಳಲ್ಲಿ ಬಹುಪಾಲು ಆ ಹತ್ತೊಂಬತ್ತನೇ ಶತಮಾನದ ಜರ್ಮನ್ ಗೆರೆಯೇ. ಅದನ್ನು ಆಫ್ರಿಕಾದ ಸ್ವಂತ ಕ್ರೈಸ್ತ ದನಿ ಎಂದು ಅವರು ನಂಬಿದ್ದಾರೆ, ನನಗೆ ನೋವಾಗುವುದು ಅದಕ್ಕೆ.

ಯಾಕೆಂದರೆ ಸ್ವಂತ ದನಿ ಬೇರೆಯೇ ಇತ್ತು. ಎಫ್ರಾಯಿಮ್ ಅಮು ಎಂಬ ಸಂಗೀತಗಾರ, 1899ರಲ್ಲಿ ಹುಟ್ಟಿದವರು, ಅಕ್ರೊಪೊಂಗ್‌ನ ಅದೇ ಮಿಶನ್ ಕಟ್ಟಿದ ಅಧ್ಯಾಪಕರ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದರು. ಚರ್ಚಿನಲ್ಲಿ ಯುರೋಪಿನ ರಾಗಗಳನ್ನೇ ಯಾಕೆ ಹಾಡಬೇಕು ಎಂದು ಊರ ಲಯಕ್ಕೆ, ಊರ ಮಾತಿನ ಏರಿಳಿತಕ್ಕೆ ಹೊಂದುವ ಹಾಡು ಕಟ್ಟಿದರು. ಕೋಟು ಬಿಟ್ಟು ಊರಿನ ಬಟ್ಟೆ ಹೊದ್ದು ಚರ್ಚಿನಲ್ಲಿ ಉಪದೇಶ ಮಾಡಿದರು. 1933ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಅವರು ಕಟ್ಟಿದ 'ಯೆನ್ ಅರಾ ಅಸಾಸೆ ನಿ' ಈಗ ಇಡೀ ಘಾನಾ ಎದ್ದು ನಿಂತು ಹಾಡುವ ಹಾಡು. ಆಗ ಕೆಲಸ ಕಳೆದ ಮನುಷ್ಯ ತೋರಿಸಿದ ಹಾದಿಯಲ್ಲೇ ಇಂದು ಪ್ರೆಸ್ಬಿಟೇರಿಯನ್ ಚರ್ಚುಗಳಲ್ಲಿ ಡೋಲು ಬಡಿಯುತ್ತಾರೆ, ಭಾನುವಾರ ಕೆಂಟೆ ಎಂಬ ಊರಿನ ನೇಯ್ಗೆಯ ಬಟ್ಟೆ ಹೊದ್ದು ಬರುತ್ತಾರೆ.

ಕ್ಯಾಥೊಲಿಕರಲ್ಲಿ ಈ ಕೆಲಸವನ್ನು ಇನ್ನೂ ಮುಂದಕ್ಕೆ ಒಯ್ದವರು ಪೀಟರ್ ಸಾರ್ಪಾಂಗ್. 1970ರಲ್ಲಿ ಅಸಾಂಟೆ ಜನರ ಊರಾದ ಕುಮಾಸಿಯ ಬಿಷಪ್ ಆದವರು, ಓದಿದ್ದು ಮಾನವಶಾಸ್ತ್ರ. ಅಸಾಂಟೆ ಅರಸನನ್ನು ಪಲ್ಲಕ್ಕಿಯಲ್ಲಿ ಕೂರಿಸಿ, ಮೇಲೆ ದೊಡ್ಡ ಛತ್ರಿ ತಿರುಗಿಸುತ್ತ, ಡೋಲು ಕೊಂಬುಗಳ ಸಮೇತ ಒಯ್ಯುತ್ತಾರಲ್ಲ, ಅದೇ ಮರ್ಯಾದೆಯಲ್ಲಿ ಕುಮಾಸಿಯಲ್ಲಿ ಪರಮ ಪ್ರಸಾದದ ಹಬ್ಬದ ಮೆರವಣಿಗೆ ಹೊರಡುತ್ತದೆ. ಹಿರಿಯರಿಗೆ ಎರೆಯುವುದರಲ್ಲಿ ಕ್ರೈಸ್ತನಿಗೆ ಒಪ್ಪುವಂಥದ್ದು ಏನಿದೆ ಎಂದು ಸಾರ್ಪಾಂಗ್ ಬಹಿರಂಗವಾಗಿ ವಾದಿಸಿದರು. ಅವರ ಸಭೆಯೊಳಗೇ ಒಪ್ಪದವರು ಹಲವರಿದ್ದರು, ಈಗಲೂ ಇದ್ದಾರೆ. ಇನ್ನೊಂದು ಕಡೆ, ಮೆಥಡಿಸ್ಟರಿಂದ ಸಿಡಿದು 1922ರಲ್ಲಿ ಹುಟ್ಟಿದ ಮುಸಾಮಾ ಡಿಸ್ಕೊ ಕ್ರಿಸ್ಟೊ ಚರ್ಚಿನಂಥವು ಯಾರನ್ನೂ ಕೇಳದೆ ಡೋಲು, ಮಂತ್ರಿಸಿದ ನೀರು, ರೋಗ ವಾಸಿಮಾಡುವ ಪ್ರಾರ್ಥನೆ ಎಲ್ಲವನ್ನೂ ಒಳಗೆ ತಂದುಕೊಂಡವು.

ಇಸ್ಲಾಂ ಈ ನೆಲಕ್ಕೆ ಬಂದ ರೀತಿಯೇ ಬೇರೆ. ಕಡಲಿನಿಂದ ಬರಲಿಲ್ಲ, ಬಂದೂಕು ಹಿಡಿದೂ ಬರಲಿಲ್ಲ. ಉತ್ತರದ ಮರುಭೂಮಿಯ ಅಂಚಿನಿಂದ ಚಿನ್ನ ಮತ್ತು ಕೋಲಾ ಬೀಜದ ವ್ಯಾಪಾರಿಗಳ ಜೊತೆ ನಡೆದು ಬಂತು. ಪಶ್ಚಿಮ ಆಫ್ರಿಕಾದ ಆ ವ್ಯಾಪಾರಿ ವಿದ್ವಾಂಸರು ಅಲ್ ಹಾಜ್ ಸಲೀಂ ಸುವಾರಿ ಎಂಬ ಗುರುವಿನ ಪರಂಪರೆಯವರು. ಬೇರೆ ನಂಬಿಕೆಯ ಅರಸನ ಊರಿನಲ್ಲಿ ಬಾಳುವಾಗ ಮತಾಂತರಕ್ಕೆ ಕೈ ಹಾಕಬೇಡಿ, ನಿಮ್ಮ ಓದು ಬಿಡಬೇಡಿ, ನಡತೆಯಿಂದ ಮಾದರಿಯಾಗಿ, ದೇವರು ತನಗೆ ಬೇಕಾದಾಗ ಬೇಕಾದವರನ್ನು ಕರೆದುಕೊಳ್ಳುತ್ತಾನೆ ಎಂಬುದು ಆ ಪರಂಪರೆಯ ಪಾಠ. ನನಗೆ ಇದು ಬಹಳ ದೊಡ್ಡ ವಿಚಾರ ಅನಿಸಿದೆ. ತನ್ನ ಧರ್ಮವೇ ಸತ್ಯ ಎಂದು ಪೂರ್ತಿ ನಂಬಿಯೂ ಪಕ್ಕದವನ ಮನೆ ಬಾಗಿಲು ಬಡಿಯದೆ ಇರುವುದಕ್ಕೆ ಒಂದು ಶಾಸ್ತ್ರವನ್ನೇ ಕಟ್ಟಿಕೊಂಡಿದ್ದರು.

ಅಸಾಂಟೆ ಅರಸರ ಕುಮಾಸಿಯಲ್ಲಿ ಅಂಥ ಮುಸ್ಲಿಮರಿಗೆ ಮರ್ಯಾದೆಯ ಜಾಗವಿತ್ತು. 1817ರಲ್ಲಿ ಕುಮಾಸಿಗೆ ಹೋದ ಇಂಗ್ಲಿಷ್ ದೂತ ಬೌಡಿಚ್ ಅಲ್ಲಿನ ದಳಪತಿಗಳ ಮೈಮೇಲೆ ಮುಸ್ಲಿಮರು ಬರೆದುಕೊಟ್ಟ ತಾಯತಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಯುದ್ಧಕ್ಕೆ ತೊಡುವ ದಪ್ಪ ಅಂಗಿ, ಬಟಕಾರಿ, ಅದರ ತುಂಬ ಚರ್ಮದ ಪುಟ್ಟ ಚೀಲಗಳು, ಒಳಗೆ ಕುರಾನಿನ ಸಾಲು ಬರೆದ ಕಾಗದ. ಅದನ್ನು ತೊಟ್ಟ ಅರಸ ಮುಸ್ಲಿಮನಲ್ಲ, ಬರೆದುಕೊಟ್ಟವನು ಊರ ದೇವತೆಗಳನ್ನು ಪೂಜಿಸುವವನಲ್ಲ. ಇಬ್ಬರಿಗೂ ತಮ್ಮ ತಮ್ಮ ಗಡಿ ಗೊತ್ತಿತ್ತು. ಕುಮಾಸಿಯ ಮುಸ್ಲಿಮರಲ್ಲಿ ಒಂದು ಗುಂಪನ್ನು ಇಂದಿಗೂ ಅಸಾಂಟೆ ನ್ಕ್ರಾಮೊ, ಅಂದರೆ ಅಸಾಂಟೆಯ ಮುಸ್ಲಿಮರು, ಎಂದೇ ಕರೆಯುತ್ತಾರೆ.

ಉತ್ತರ ಘಾನಾಕ್ಕೆ ಹೋದರೆ ಈ ಹೊಕ್ಕುಬಳಕೆ ಹಬ್ಬಗಳ ರೂಪದಲ್ಲಿ ಕಾಣುತ್ತದೆ. ದಗೊಂಬಾ, ಗೊಂಜಾ, ಮಾಂಪ್ರುಸಿ ಜನರ ದಾಂಬಾ ಹಬ್ಬಕ್ಕೆ ಬೇರು ಪ್ರವಾದಿಯ ಜನ್ಮದಿನ. ಆದರೆ ಅಲ್ಲಿ ನೋಡುವುದು ಕುದುರೆ ಏರಿದ ನಾಯಕರನ್ನು, ಡೋಲಿನವರು ಹಾಡುವ ವಂಶಾವಳಿಯನ್ನು, ಅರಸನ ಮುಂದಿನ ಕುಣಿತವನ್ನು. ಬುಗುಂ ಎಂಬ ಬೆಂಕಿಯ ಹಬ್ಬ ಅವರ ವರ್ಷದ ಮೊದಲ ತಿಂಗಳ ಒಂಬತ್ತನೆಯ ರಾತ್ರಿ ಬರುತ್ತದೆ. ಅದು ಮೊಹರಂ ತಿಂಗಳಿನ ಹೊತ್ತು. ಟಮಾಲೆಯಲ್ಲಿ ಹುಲ್ಲಿನ ಪಂಜು ಹಿಡಿದ ಸಾವಿರಾರು ಜನ ಊರ ಹೊರಗಿನ ಮರದ ಕಡೆಗೆ ಓಡುತ್ತಾರೆ, ಪಂಜನ್ನು ಮರಕ್ಕೆ ಎಸೆಯುತ್ತಾರೆ. ಹಿಂದೊಮ್ಮೆ ಅರಸನ ಮಗು ಕಳೆದುಹೋಗಿ ಮರದ ಬುಡದಲ್ಲಿ ಸಿಕ್ಕಿತು, ಮಗುವನ್ನು ಬಚ್ಚಿಟ್ಟ ಮರಕ್ಕೆ ಬೆಂಕಿ ಎಂದು ಹಳಬರು ಹೇಳುತ್ತಾರೆ. ನೋಹನ ಹಡಗು ದಡ ಸೇರಿದ ನೆನಪು ಎಂದು ಮುಸ್ಲಿಮರು ಹೇಳುತ್ತಾರೆ. ಪಂಜು ಹಿಡಿಯಲು ಯಾವ ಕತೆ ನಂಬುತ್ತೀಯೆಂದು ಯಾರೂ ಕೇಳುವುದಿಲ್ಲ. ರಾಯಚೂರು, ಕೊಪ್ಪಳ, ಕಲಬುರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುದಗಲ್ಲಿನ ಮೊಹರಂ, ಅಲಾಯಿ ಕುಣಿ, ಕೆಂಡ ತುಳಿಯುವ ಲಿಂಗಾಯತರು, ಕುರುಬರು, ನಾಯಕರು, ರಿವಾಯತ್ ಪದ ಹಾಡುವ ಊರ ಮುದುಕರು. ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲೂ ಪೀರಲ ದೇವರು ಏಳುತ್ತಾನೆ.

ಕುಮಾಸಿಯಲ್ಲಿ ಒಂದು ಸಾವಿನ ಕಾರ್ಯಕ್ಕೆ ಹೋಗಿದ್ದನ್ನು ಇಲ್ಲಿ ಹೇಳಬೇಕು. ನನ್ನ ಜೊತೆ ಕೆಲಸ ಮಾಡುವ ಒಬ್ಬರ ಸೋದರಮಾವ ತೀರಿಕೊಂಡಿದ್ದರು. ಅಸಾಂಟೆಯವರದ್ದು ನಮ್ಮ ತುಳುನಾಡಿನ ಅಳಿಯಕಟ್ಟಿನ ಹಾಗೆ ತಾಯಿಯ ಕಡೆಯ ಕುಲ. ಮಾವನ ಸಾವೆಂದರೆ ತಂದೆಯ ಸಾವಿಗಿಂತ ದೊಡ್ಡ ಜವಾಬ್ದಾರಿ. ಈ ಮಾವ ಯೌವನದಲ್ಲಿ ಕೋಲಾ ವ್ಯಾಪಾರಕ್ಕೆ ಜೊಂಗೊ, ಅಂದರೆ ಉತ್ತರದಿಂದ ಬಂದ ಮುಸ್ಲಿಮರ ಕೇರಿ, ಸೇರಿ, ಹೌಸಾ ಮಾತು ಕಲಿತು, ಮುಸ್ಲಿಮರಾಗಿದ್ದರು. ಅಕ್ಕತಂಗಿಯರೆಲ್ಲ ಮೆಥಡಿಸ್ಟರು. ತೀರಿಕೊಂಡ ದಿನವೇ ಮಸೀದಿಯವರು ದಫನ್ ಮಾಡಿ ಮುಗಿಸಿದ್ದರು. ಅಸಾಂಟೆಯ ಸಾವೆಂದರೆ ಶವವನ್ನು ವಾರಗಟ್ಟಲೆ ಶವಾಗಾರದಲ್ಲಿಟ್ಟು, ಊರಿಗೆಲ್ಲ ಪೋಸ್ಟರು ಅಂಟಿಸಿ, ಶನಿವಾರ ಮಣ್ಣು ಮಾಡುವುದು. ಅದಕ್ಕೆ ಇಲ್ಲಿ ಅವಕಾಶವಿರಲಿಲ್ಲ. ಕುಲದವರು ಬೇಸರ ಮಾಡಿಕೊಂಡರೂ ಅಡ್ಡ ಬರಲಿಲ್ಲ. ಬದಲಿಗೆ ಕೆಲವು ವಾರ ಬಿಟ್ಟು ಒಂದು ಶನಿವಾರ ಕುಲದ ಅಂಗಳದಲ್ಲಿ ಸೇರುವುದೆಂದು ನಿಶ್ಚಯಿಸಿದರು.

ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು ಚೌಕಾಕಾರಕ್ಕೆ. ಹತ್ತಿರದ ಸಂಬಂಧಿಕರು ಕೆಂಪು, ಉಳಿದವರು ಕಪ್ಪು ಬಟ್ಟೆ. ಒಂದು ಮೂಲೆಯಲ್ಲಿ ಮೇಜು, ರಸೀದಿ ಪುಸ್ತಕ. ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಕೂಗುತ್ತಾರೆ. ನಮ್ಮಲ್ಲಿ ಮದುವೆ ಮನೆಯ ಮುಯ್ಯಿ ಬರೆಯುವ ಹಾಗೆ, ಅದೇ ಗಾಂಭೀರ್ಯ. ಮೊದಲು ಜೊಂಗೊದಿಂದ ಬಂದವರು ಚಾಪೆಯ ಮೇಲೆ ಕೂತು ದುವಾ ಮಾಡಿದರು. ಅಷ್ಟು ಹೊತ್ತು ಮೆಥಡಿಸ್ಟ್ ಹಾಡುಗಾರ್ತಿಯರು ಕೈ ಕಟ್ಟಿ ನಿಂತಿದ್ದರು. ಆಮೇಲೆ ಅವರು ಫಾಂಟೆ ಭಾಷೆಯಲ್ಲಿ ಹಾಡಿದರು, ಪಾದ್ರಿ ಪ್ರಾರ್ಥಿಸಿದರು. ಕೊನೆಗೆ ಕುಲದ ಯಜಮಾನರು, ಅಬುಸುವಾಪನ್ಯಿನ್, ಎದ್ದು ಭುಜದ ಬಟ್ಟೆಯನ್ನು ಕೆಳಗೆ ಇಳಿಸಿ, ಚಪ್ಪಲಿಯಿಂದ ಕಾಲು ಹೊರಗೆ ತೆಗೆದು ನಿಂತರು. ಹೀಗೆ ಎರೆಯುವಾಗ ಬಳಸುವುದು ಸ್ನ್ಯಾಪ್ಸ್ ಎಂಬ ಮದ್ಯ. ಅಂದು ಅವರ ಕೈಯಲ್ಲಿದ್ದ ಲೋಟದಲ್ಲಿ ನೀರಿತ್ತು. ಮೊದಲು ಮೇಲಿನ ದೇವರಿಗೆ ತೋರಿಸಿದರು, ಆಮೇಲೆ ಭೂಮಿ ತಾಯಿ ಅಸಾಸೆ ಯಾಳನ್ನು ಕರೆದರು, ಆಮೇಲೆ ಕುಲದ ಸತ್ತವರ ಹೆಸರುಗಳನ್ನು ಒಂದೊಂದಾಗಿ. ಪ್ರತಿ ಹೆಸರಿಗೂ ಸ್ವಲ್ಪ ಸ್ವಲ್ಪ ಎರೆದರು. ಪಕ್ಕದಲ್ಲಿದ್ದವರು ಪ್ರತಿ ಸಾಲಿಗೆ ಹೂಂಗುಟ್ಟಿದರು. ಮುಸ್ಲಿಂ ಸೊಸೆಯರು ತಲೆ ತಗ್ಗಿಸಿ ಕೂತಿದ್ದರು, ಎದ್ದು ಹೋಗಲಿಲ್ಲ.

ಊಟದ ಹೊತ್ತಿಗೆ ಯಜಮಾನರ ಬಳಿ ಹೋಗಿ, "ನಾನಾ, ನೀರು ಯಾಕೆ?" ಎಂದು ಕೇಳಿದೆ. ನಾನಾ ಎಂದರೆ ಇಲ್ಲಿ ಅಜ್ಜನನ್ನು, ಹಿರಿಯರನ್ನು ಕರೆಯುವ ಮಾತು. "ಅವನು ಕುಡಿಯುತ್ತಿರಲಿಲ್ಲವಲ್ಲ. ಸತ್ತ ಮೇಲೆ ಕುಡಿಸುವುದು ಸರಿಯೇ?" ಎಂದರು. ಮಸೀದಿಯವರೇ ಮಣ್ಣು ಮಾಡಿದ್ದಕ್ಕೆ ಸಿಟ್ಟಿಲ್ಲವೇ ಎಂದಾಗ, "ಅವನ ತಾಯಿ ನನ್ನ ದೊಡ್ಡಮ್ಮ, ಮಗು. ಅದನ್ನು ಮಸೀದಿ ಬದಲಾಯಿಸಲಿಲ್ಲ, ಈ ಪಾದ್ರಿಯೂ ಬದಲಾಯಿಸಲಾರ," ಎಂದು ಪಾದ್ರಿಯ ಎದುರಿಗೇ ಹೇಳಿದರು. ಪಾದ್ರಿ ನಗುತ್ತ ಫುಫು ಎಂಬ ಮುದ್ದೆ ಮುರಿಯುತ್ತಿದ್ದರು.

ನಾನು ಹೇಳುತ್ತಿರುವ ಮೂರನೆಯ ನೆಲ ಅಂದರೆ ಇದು. ಇಮಾಮರು, ಪಾದ್ರಿ ಇಬ್ಬರೂ ಅಂದು ಅಲ್ಲಿ ಅತಿಥಿಗಳು. ಅಂಗಳ ಕುಲದ್ದು. ಆತಿಥೇಯ ಒಬ್ಬನಿದ್ದಾಗ ಅತಿಥಿಗಳು ಜಗಳವಾಡುವುದು ಕಡಿಮೆ.

ಈ ಅಂಗಳಕ್ಕೆ ಈಗ ಎರಡೂ ಕಡೆಯಿಂದ ಪೆಟ್ಟು ಬೀಳುತ್ತಿದೆ. ಹೊಸ ಪೆಂಟೆಕೋಸ್ಟಲ್ ಬೋಧಕರು, ನಿಮ್ಮ ಬಡತನಕ್ಕೆ, ಮಕ್ಕಳಾಗದಿರುವುದಕ್ಕೆ, ವೀಸಾ ಸಿಗದಿರುವುದಕ್ಕೆ ಹಿರಿಯರು ಮಾಡಿಟ್ಟ ಶಾಪವೇ ಕಾರಣ, ಕುಲದ ಕಾರ್ಯಗಳಿಗೆ ಹೋಗಬೇಡಿ, ನಂಟು ಕಡಿದುಕೊಳ್ಳಿ ಎಂದು ರಾತ್ರಿಯಿಡೀ ಕೂಗುತ್ತಾರೆ. ಅತ್ತ ಅರಬ್ ದೇಶಗಳಲ್ಲಿ ಓದಿ ಬಂದ ಕೆಲವು ಯುವ ಮುಸ್ಲಿಂ ಬೋಧಕರು ದಾಂಬಾ, ಬುಗುಂ, ತಾಯತ ಎಲ್ಲವೂ ಶಿರ್ಕ್, ಅಂದರೆ ದೇವರಿಗೆ ಬೇರೊಂದನ್ನು ಸಮ ಮಾಡುವ ಪಾಪ, ಬಿಡಿ ಎನ್ನುತ್ತಾರೆ. ಇಬ್ಬರ ದನಿಯೂ ಒಂದೇ, ಇಬ್ಬರೂ ಅಗೆಯುತ್ತಿರುವುದು ಒಂದೇ ಬೇರನ್ನು. ಸುವಾರಿಯ ಶಿಷ್ಯರು ಇಲ್ಲೇ ನೂರಾರು ವರ್ಷ ಬಾಳಿದರು, ಅಮು ಇಲ್ಲೇ ಹಾಡಿದರು. ಅದು ಅವರಿಗೆ ನೆನಪಾಗುವುದಿಲ್ಲವೇ?

ಹಾಗೆಂದು ಹಳೆಯದೆಲ್ಲ ಚೆನ್ನ ಎನ್ನುವ ಜನರ ಜೊತೆಗೂ ನಾನಿಲ್ಲ. ಪೂರ್ವದ ವೋಲ್ಟಾ ಪ್ರಾಂತ್ಯದಲ್ಲಿ ಟ್ರೊಕೋಸಿ ಎಂಬ ಪದ್ಧತಿಯಿತ್ತು. ಮನೆಯವರು ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂದು ಎಳೆಯ ಹೆಣ್ಣುಮಗುವನ್ನು ಗುಡಿಯ ಪೂಜಾರಿಗೆ ಒಪ್ಪಿಸುವುದು. 1998ರಲ್ಲಿ ಸಂಸತ್ತು ಅದನ್ನು ಅಪರಾಧವೆಂದು ಕಾನೂನು ಮಾಡಿತು, ಆ ಹೆಣ್ಣುಮಕ್ಕಳನ್ನು ಬಿಡಿಸುವುದರಲ್ಲಿ ಕ್ರೈಸ್ತ ಸಂಘಟನೆಗಳು ದುಡಿದಿವೆ. ಉತ್ತರದ ಗಂಬಾಗಾದಲ್ಲಿ ಮಾಟಗಾತಿಯರೆಂದು ಊರಿನಿಂದ ಓಡಿಸಿಕೊಂಡ ಮುದುಕಿಯರ ಗುಡಿಸಲುಗಳಿವೆ. ಅವರ ನೆರವಿಗೆ ನಿಂತವರಲ್ಲೂ ಚರ್ಚಿನವರಿದ್ದಾರೆ. ನಮ್ಮಲ್ಲಿ ದೇವದಾಸಿ ಪದ್ಧತಿಗೆ 1982ರಲ್ಲಿ, ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಗೆ 2000ದಲ್ಲಿ ಕಾನೂನು ತಡೆ ಹಾಕಬೇಕಾಯಿತು. ಯಾರ ಮೈಗೆ, ಯಾರ ಮಾನಕ್ಕೆ ಪೆಟ್ಟಾಗುತ್ತಿದೆ ಎಂದು ಕೇಳಿ, ಆಗುತ್ತಿದ್ದರೆ ನಿಲ್ಲಿಸಿ. ಅದು ಧರ್ಮ ಮಾಡಬೇಕಾದ ಕೆಲಸವೇ. ಕುಮಾಸಿಯ ಅಂಗಳದಲ್ಲಿ ನೀರೆರೆದ ಮುದುಕನಿಂದ ಯಾರಿಗೆ ಪೆಟ್ಟಾಯಿತು? ಟ್ರೊಕೋಸಿಯನ್ನೂ ಆ ನೀರನ್ನೂ ಒಂದೇ ಬುಟ್ಟಿಗೆ ಹಾಕಿ ಸೈತಾನ ಎಂದು ಮುಚ್ಚಳ ಮುಚ್ಚುವವರು ಆ ಹೆಣ್ಣುಮಕ್ಕಳ ನೋವನ್ನೂ ಸಣ್ಣದು ಮಾಡುತ್ತಾರೆ.

ನಮ್ಮೂರಿನ ಬಗ್ಗೆ ಇಲ್ಲಿಯವರಿಗೆ ಹೇಳುವಾಗ ನಾನು ಬಪ್ಪನಾಡಿನ ಕತೆ ಹೇಳುತ್ತಿದ್ದೆ. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಗೆ ದುರ್ಗಾಪರಮೇಶ್ವರಿ ಒಲಿದದ್ದು, ಅವನೇ ಗುಡಿ ಕಟ್ಟಿಸಿದ್ದು, ಜಾತ್ರೆಯಲ್ಲಿ ಇಂದಿಗೂ ಆ ಮನೆತನಕ್ಕೆ ಪ್ರಸಾದದ ಮರ್ಯಾದೆ ಸಲ್ಲುವುದು. ಮೊಗವೀರರು ನಂಬುವ ಬೊಬ್ಬರ್ಯನನ್ನು ಪಾಡ್ದನಗಳು ಮುಸ್ಲಿಂ ವ್ಯಾಪಾರಿಯ ಮಗನೆನ್ನುತ್ತವೆ. ಕಳೆದುಹೋದ ವಸ್ತು ಸಿಗಲೆಂದು ಕೊರಗಜ್ಜನಿಗೆ ಕಳ್ಳು, ಚಕ್ಕುಲಿ, ವೀಳ್ಯ ಹರಕೆ ಹೇಳುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಇದನ್ನು ಕೇಳಿದ ಅಸಾಂಟೆ ಗೆಳೆಯರಿಗೆ ಕೂಡಲೇ ಅರ್ಥವಾಗುತ್ತಿತ್ತು, ವಿವರಣೆ ಬೇಕಿರಲಿಲ್ಲ. 2022ರ ಮಾರ್ಚಿನಲ್ಲಿ ಅದೇ ಬಪ್ಪನಾಡಿನ ಜಾತ್ರೆಯಲ್ಲಿ, ಕಾಪುವಿನ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದು ಎಂಬ ಬ್ಯಾನರುಗಳು ಎದ್ದವು. ಆ ಸುದ್ದಿಯನ್ನು ಅಕ್ರಾದಲ್ಲಿ ಕೂತು ಮೊಬೈಲಿನಲ್ಲಿ ಓದಿದಾಗ ಆದ ಸಂಕಟವನ್ನು ಹೇಗೆ ಹೇಳಲಿ. ವ್ಯಾಪಾರಿಯೇ ಕಟ್ಟಿಸಿದನೆಂಬ ಗುಡಿಯ ಅಂಗಳದಲ್ಲಿ ವ್ಯಾಪಾರಿಗೆ ಬಳೆ, ಐಸ್‌ಕ್ರೀಮು ಮಾರಲು ಜಾಗವಿಲ್ಲ. ಇಲ್ಲಿ ಅಂಗಳವನ್ನು ಅಗೆಯುವವರು ಹೊರಗಿನಿಂದ ಬಂದ ಧರ್ಮಗಳ ಹೆಸರಿನಲ್ಲಿ ಅಗೆಯುತ್ತಾರೆ. ನಮ್ಮಲ್ಲಿ ಅಂಗಳದ ಹೆಸರಿನಲ್ಲೇ ಅಗೆದರು.

ಘಾನಾದಲ್ಲಿ ಆಸೆ ಇಟ್ಟುಕೊಳ್ಳುವುದಕ್ಕೆ ಕಾರಣಗಳಿವೆ. ದೇಶದ ಮುಖ್ಯ ಇಮಾಮ್ ಶೇಖ್ ಉಸ್ಮಾನ್ ನುಹು ಶರುಬುತು ನೂರು ವರ್ಷ ತುಂಬಿದ 2019ರಲ್ಲಿ, ಈಸ್ಟರ್ ಭಾನುವಾರ, ಅಕ್ರಾದ ಒಂದು ಕ್ಯಾಥೊಲಿಕ್ ಚರ್ಚಿಗೆ ಹೋಗಿ ಪೂಜೆಯ ಹೊತ್ತಿಗೆ ಕೂತಿದ್ದರು. ತಮ್ಮವರೇ ಕೆಲವರು ಟೀಕಿಸಿದರು, ಅವರು ಕುಗ್ಗಲಿಲ್ಲ. ಜೊಂಗೊದಲ್ಲಿ ಈದ್ ದಿನ ನೆರೆಯ ಕ್ರೈಸ್ತರ ಮನೆಗೆ ಅನ್ನ, ಕುರಿ ಮಾಂಸದ ಡಬ್ಬಿ ಹೋಗುತ್ತದೆ, ಕ್ರಿಸ್ಮಸ್ಸಿಗೆ ಅದೇ ಡಬ್ಬಿ ತುಂಬಿ ಬರುತ್ತದೆ.

ಆದರೆ ಶಾಲೆಗಳ ವಿಷಯ ನನಗೆ ಚಿಂತೆ ಹುಟ್ಟಿಸುತ್ತದೆ. ಇಲ್ಲಿಯ ಒಳ್ಳೊಳ್ಳೆಯ ವಸತಿ ಶಾಲೆಗಳು ಬಹಳಷ್ಟು ಮಿಶನರಿಗಳು ಕಟ್ಟಿದವು, ಈಗ ಅಧ್ಯಾಪಕರ ಸಂಬಳ ಕೊಡುವುದು ಸರ್ಕಾರ. 2021ರ ರಂಜಾನಿನಲ್ಲಿ ಕೇಪ್ ಕೋಸ್ಟಿನ ಹೆಸರಾಂತ ಹೆಣ್ಣುಮಕ್ಕಳ ಶಾಲೆಯೊಂದು ಮುಸ್ಲಿಂ ವಿದ್ಯಾರ್ಥಿನಿಗೆ ಉಪವಾಸ ಹಿಡಿಯಲು ಬಿಡಲಿಲ್ಲ. ಆರೋಗ್ಯದ ಕಾರಣ ಕೊಟ್ಟರು. ಶಿಕ್ಷಣ ಇಲಾಖೆ ಬಿಡಬೇಕೆಂದಿತು, ಶಾಲೆಯ ಹಿಂದಿರುವ ಚರ್ಚು ಒಪ್ಪಲಿಲ್ಲ. 2024ರಲ್ಲಿ ಎರಡೂ ಕಡೆಯ ಮುಖಂಡರು ಶಾಲೆಗಳಲ್ಲಿ ಸಹಿಷ್ಣುತೆಯ ಒಪ್ಪಂದಕ್ಕೆ ಸಹಿ ಹಾಕಿದರು. ಆದರೂ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2022ರಲ್ಲಿ ಉಡುಪಿಯ ಕಾಲೇಜಿನ ಗೇಟಿನ ಹೊರಗೆ ನಿಂತ ಹುಡುಗಿಯರ ಚಿತ್ರ ನೋಡಿದ ನನಗೆ ಇದು ಎಲ್ಲಿಗೆ ಹೋಗಬಹುದೆಂದು ಗೊತ್ತು. ಹದಿನಾರರ ಹುಡುಗಿಯ ನಂಬಿಕೆಯನ್ನು ವಕೀಲರು ವಾದಿಸುವ ಹೊತ್ತಿಗೆ ಆಕೆಯ ಓದಿನ ವರ್ಷಗಳು ಕಳೆದಿರುತ್ತವೆ.

ಈ ವಿಷಯದಲ್ಲಿ ಚರ್ಚಿನ ಹಿರಿಯರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ. ಗಾ ಜನರ ತಿಂಗಳಿಗೆ ನೀವು ಸ್ಪೀಕರು ಒಳಗಿಟ್ಟಿರಿ, ನಿಮ್ಮ ಭಾನುವಾರ ನಿಲ್ಲಲಿಲ್ಲ. ರಂಜಾನ್ ತಿಂಗಳಲ್ಲಿ ವಸತಿ ಶಾಲೆಯ ಅಡುಗೆಮನೆ ಬೆಳಗಿನ ಜಾವ ನಾಲ್ಕಕ್ಕೆ ತೆರೆಯಲಿ. ಉಪವಾಸ ಹಿಡಿಯುವ ಮಕ್ಕಳಿಗೆ ಒಂದು ತಟ್ಟೆ ವಾಚೆ ಎಂಬ ಕಾಳು ಬೆರೆತ ಅನ್ನ, ಒಂದು ಲೋಟ ಗಂಜಿ ಸಿಗಲಿ, ಸಂಜೆ ಮಗ್ರಿಬ್ ಹೊತ್ತಿಗೆ ಅವರ ಊಟವನ್ನು ಎತ್ತಿಟ್ಟಿರಲಿ. ಆರೋಗ್ಯದ ಚಿಂತೆಯಿದ್ದರೆ ಶಾಲೆಯ ನರ್ಸ್ ವಾರಕ್ಕೊಮ್ಮೆ ನೋಡಲಿ, ತಂದೆತಾಯಿಯ ಒಪ್ಪಿಗೆ ಪತ್ರ ಬರೆಸಿಕೊಳ್ಳಲಿ. ಬೆಳಗಿನ ಚಾಪೆಲ್ ಪ್ರಾರ್ಥನೆ ಎಂದಿನ ಹೊತ್ತಿಗೇ ನಡೆಯಲಿ.